ಕಾರಿನಲ್ಲಿ ಕಾಯುವ ನಾಯಿ, ಹೊರಗೆ ನಿಂತು ನೋಡುವ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಸಾಕಿದವರ ಜೊತೆ ಮಾತಿಗೆ ಕೂತಾಗ, ಅವರ ಪತ್ರಗಳಲ್ಲಿ, ದಾರಿಯಲ್ಲಿ ತಡೆದು ಕೇಳುವವರ ಬಾಯಲ್ಲಿ ಒಂದೇ ಜಗಳ ಎರಡು ಬದಿಯಿಂದ ಕೇಳಿಬರುತ್ತದೆ. "ಪಾಪ, ನಾಯಿಯನ್ನು ಕೂಡಿ ಹಾಕಿ ಹೋಗಿದ್ದಾರೆ" ಎನ್ನುವುದು ಒಂದು ಬದಿ. "ನನ್ನ ನಾಯಿಯ ವಿಷಯದಲ್ಲಿ ಇವರಿಗೇನು ಕೆಲಸ" ಎನ್ನುವುದು ಇನ್ನೊಂದು. ಎರಡೂ ಕಡೆಯವರಿಗೆ ನಾಯಿಯ ಮೇಲೆ ಅಕ್ಕರೆ ಇದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿಹೋಕರು ಮೊದಲು ನೋಡಬೇಕಾದದ್ದು ನಾಯಿಯ ಸ್ಥಿತಿಯನ್ನು. ಸಾಕಿದವರ ಗುಣದ ವಿಚಾರಣೆ ಆ ಹೊತ್ತಿಗೆ ಬೇಕಿಲ್ಲ. ಸಾಕಿದವರಾದರೋ ಬಿಸಿಲಿನ ಲೆಕ್ಕದಲ್ಲಿ ಯಾರೊಂದಿಗೂ ಚೌಕಾಸಿ ಮಾಡುವಂತಿಲ್ಲ.

## ಮೊದಲು ತಿಳಿಯಬೇಕಾದದ್ದು

"ಐದೇ ನಿಮಿಷಕ್ಕೆ ಬಿಟ್ಟು ಹೋಗಿದ್ದೆ. ಅಷ್ಟಕ್ಕೆ ಜನ ಕೊಲೆಗಾರರನ್ನು ನೋಡುವಂತೆ ನೋಡಬೇಕೇ?"

ನಿಮ್ಮ ಐದು ನಿಮಿಷ ಜನರಿಗೆ ಕಾಣುವುದಿಲ್ಲ. ನೀವು ಯಾವಾಗ ಹೋದಿರಿ, ಯಾವಾಗ ಬರುತ್ತೀರಿ ಎಂಬುದು ನಿಮಗಷ್ಟೇ ಗೊತ್ತು. ಹೊರಗೆ ನಿಂತವರಿಗೆ ಗೊತ್ತಿರುವುದು ಮುಚ್ಚಿದ ಕಾರು ಮತ್ತು ಒಳಗಿನ ನಾಯಿ ಮಾತ್ರ. ಅವರು ಕೆಟ್ಟದ್ದನ್ನೇ ಊಹಿಸುವುದಕ್ಕೆ ಗಟ್ಟಿ ಕಾರಣವೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶವನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಅದು ಸರಾಸರಿ 22 ಡಿಗ್ರಿ ಏರಿತ್ತು. ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಹೊರಗೆ ಹಿತವಾದ 22 ಡಿಗ್ರಿ ಇದ್ದ ದಿನವೂ ಕಾರಿನ ಒಳಗೆ 47 ಡಿಗ್ರಿ ಮುಟ್ಟಿದ್ದುಂಟು.

ಐದು ನಿಮಿಷ ನಿಜಕ್ಕೂ ಐದು ನಿಮಿಷವಾಗಿಯೇ ಉಳಿದರೆ ಹಿತವಾದ ದಿನದಲ್ಲಿ ಅಪಾಯ ಕಡಿಮೆ. ಆದರೆ ಸರದಿ ಉದ್ದವಾಗಿರುತ್ತದೆ, ಪರಿಚಿತರು ಸಿಗುತ್ತಾರೆ, ಕೊಡಬೇಕಾದ ಕಾಗದ ಮತ್ತೊಂದು ಕಚೇರಿಯಲ್ಲಿರುತ್ತದೆ. ಹೀಗೆ ಕಾರಿನಲ್ಲಿ ನಾಯಿಯನ್ನು ಕಳೆದುಕೊಂಡವರಲ್ಲೂ "ಈಗ ಬಂದೆ" ಎಂದುಕೊಂಡೇ ಹೋದವರಿದ್ದಾರೆ.

"ನೆರಳಿನಲ್ಲೇ ನಿಲ್ಲಿಸಿದ್ದೆ, ಕಿಟಕಿಯನ್ನೂ ಎರಡು ಬೆರಳಷ್ಟು ಇಳಿಸಿದ್ದೆ. ಆದರೂ ಬೈದರು. ಇನ್ನೇನು ಮಾಡಬೇಕಿತ್ತು?"

ಕಿಟಕಿಯ ಮೇಲೆ ನೀವು ಇಟ್ಟ ನಂಬಿಕೆ ತಪ್ಪು. ಮೇಲೆ ಹೇಳಿದ ಅಧ್ಯಯನದಲ್ಲೇ ಕಿಟಕಿ ಪೂರ್ತಿ ಮುಚ್ಚಿದ ಕಾರು ಐದು ನಿಮಿಷಕ್ಕೆ ಸುಮಾರು 1.9 ಡಿಗ್ರಿಯಂತೆ ಬಿಸಿಯಾಯಿತು, ಸ್ವಲ್ಪ ತೆರೆದಿಟ್ಟ ಕಾರು ಸುಮಾರು 1.7 ಡಿಗ್ರಿಯಂತೆ. ಗಾಜಿನ ಮೂಲಕ ಒಳಬಂದ ಬಿಸಿಲು ಸೀಟನ್ನೂ ಡ್ಯಾಶ್‌ಬೋರ್ಡನ್ನೂ ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಸಣ್ಣ ಸಂದಿನಿಂದ ಹೊರಹೋಗುವ ಗಾಳಿ ಆ ಶಾಖಕ್ಕೆ ಸಾಲುವುದಿಲ್ಲ.

ನೆರಳಿನಿಂದ ನಿಜವಾದ ಉಪಯೋಗವಿದೆ, ಮಿತಿಯೂ ಇದೆ. ಅರಿಜೋನಾದಲ್ಲಿ ಉರಿ ಬೇಸಿಗೆಯ ದಿನಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, ಒಂದು ಗಂಟೆಯ ನಂತರ ಬಿಸಿಲಿನ ಕಾರಿನ ಒಳಗೆ ಸರಾಸರಿ 47 ಡಿಗ್ರಿ, ನೆರಳಿನ ಕಾರಿನಲ್ಲಿ ಸುಮಾರು 38 ಡಿಗ್ರಿ ಇತ್ತು. ನೆರಳು ಜಾಗ ಬದಲಿಸುತ್ತದೆ ಎಂಬುದನ್ನೂ ಮರೆಯಬಾರದು. ಹೋಗುವಾಗ ಮರದ ಕೆಳಗಿದ್ದ ಕಾರು ಬರುವಾಗ ಬಿಸಿಲಿನಲ್ಲಿರುತ್ತದೆ.

"ಅದೇ ಕಾರಿನಲ್ಲಿ ನಾನು ಅರ್ಧ ಗಂಟೆ ಕೂರುತ್ತೇನೆ. ನಾಯಿಗೆ ಮಾತ್ರ ಏನಾಗುತ್ತದೆ?"

ನೀವು ಮೈತುಂಬ ಬೆವರುತ್ತೀರಿ. ನಾಯಿಗೆ ಬೆವರಿನ ಗ್ರಂಥಿಗಳು ಮುಖ್ಯವಾಗಿ ಪಾದದ ಅಡಿಯಲ್ಲಿವೆ, ಅವುಗಳಿಂದ ಮೈ ತಣಿಯುವುದು ಅತ್ಯಲ್ಪ. ಅದು ತಣಿಯುವುದು ತೇಕುವುದರಿಂದ. ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗಿ ರಕ್ತವನ್ನು ತಂಪಾಗಿಸುತ್ತದೆ. ಮುಚ್ಚಿದ ಕಾರಿನಲ್ಲಿ ನಾಯಿ ತೇಕಿದಷ್ಟೂ ಒಳಗಿನ ಗಾಳಿ ತೇವವಾಗುತ್ತದೆ, ತೇವ ಹೆಚ್ಚಿದಷ್ಟೂ ಆವಿಯಾಗುವುದು ನಿಧಾನವಾಗುತ್ತದೆ. ಹೀಗೆ ಅದಕ್ಕಿರುವ ಒಂದೇ ಉಪಾಯವೂ ಕೈಕೊಡುತ್ತದೆ. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ; 41 ದಾಟಿದರೆ ಶಾಖಾಘಾತ. ನಡುವೆ ಇರುವ ಅಂತರ ಎರಡು ಡಿಗ್ರಿಗಿಂತ ಕಡಿಮೆ.

ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳು, ಮುದಿ ನಾಯಿಗಳು, ಬೊಜ್ಜು ಬಂದವು, ಹೃದಯ ಅಥವಾ ಉಸಿರಾಟದ ಕಾಯಿಲೆಯುಳ್ಳವು ಇನ್ನೂ ಬೇಗ ಸೋಲುತ್ತವೆ. ಮತ್ತೊಂದು ಮಾತು: ನಿಮಗೆ ಸೆಕೆಯಾದರೆ ಬಾಗಿಲು ತೆರೆದು ಇಳಿಯುತ್ತೀರಿ. ನಾಯಿಗೆ ಆ ಅವಕಾಶವಿಲ್ಲ.

"ಚಳಿಗಾಲದಲ್ಲಿ ಈ ತೊಂದರೆಯೇ ಇಲ್ಲವಲ್ಲ?"

ಬಿಸಿಲು ನೇರವಾಗಿ ಬೀಳುತ್ತಿದ್ದರೆ ತಂಪು ದಿನದಲ್ಲೂ ಒಳಗೆ ಬಿಸಿಯೇರುತ್ತದೆ. ಹೊರಗೆ ಕೊರೆಯುವ ಚಳಿ ಇದ್ದರೆ ನಿಂತ ಕಾರು ಆ ಚಳಿಯನ್ನು ಒಳಗೇ ಹಿಡಿದಿಡುತ್ತದೆ. ಕೂದಲು ಕಡಿಮೆ ಇರುವ, ಮರಿಯಾಗಿರುವ, ವಯಸ್ಸಾದ ನಾಯಿಗಳು ನಡುಗುತ್ತವೆ.

## ಹೊರಗೆ ನಿಂತು ನೋಡುವವರು ಕೇಳುವುದು

"ಒಳಗಿರುವ ನಾಯಿ ಸಂಕಟದಲ್ಲಿದೆಯೋ ಸುಮ್ಮನೆ ಕಾಯುತ್ತಿದೆಯೋ, ಹೇಗೆ ಗೊತ್ತಾಗಬೇಕು?"

ಎಲ್ಲ ಪ್ರಶ್ನೆಗಳಲ್ಲಿ ಇದನ್ನೇ ನಾನು ಹೆಚ್ಚು ಗೌರವಿಸುತ್ತೇನೆ, ಏಕೆಂದರೆ ಇದನ್ನು ಕೇಳುವವರು ಬೈಯುವ ಮೊದಲು ನೋಡಲು ಸಿದ್ಧರಿರುತ್ತಾರೆ.

ಮಲಗಿ ನಿದ್ದೆ ಮಾಡುತ್ತಿರುವ ನಾಯಿ, ಬಾಯಿ ಮುಚ್ಚಿ ಹೊರಗೆ ನೋಡುತ್ತಿರುವ ನಾಯಿ, ನಿಮ್ಮನ್ನು ಕಂಡು ಕಿವಿ ನಿಮಿರಿಸಿ ಮತ್ತೆ ತಲೆ ಕೆಳಗಿಟ್ಟ ನಾಯಿ ಆ ಹೊತ್ತಿಗೆ ಚೆನ್ನಾಗಿಯೇ ಇದೆ. ಸಣ್ಣಗೆ ತೇಕುತ್ತಿದ್ದರೆ ಗಮನವಿಟ್ಟು ನೋಡುತ್ತಾ ಇರಿ. ಎದೆಯಿಡೀ ಅಲುಗುವಂತೆ ತೇಕುತ್ತಿದ್ದರೆ, ನಾಲಿಗೆ ಅಗಲವಾಗಿ ಹೊರಚಾಚಿ ಕಡುಗೆಂಪಾಗಿದ್ದರೆ, ದಪ್ಪ ಜೊಲ್ಲು ಸುರಿಯುತ್ತಿದ್ದರೆ, ಒಂದು ಸೀಟಿನಿಂದ ಇನ್ನೊಂದಕ್ಕೆ ಹಾರುತ್ತಾ ಸಂದಿಗೆ ಮೂಗು ಒತ್ತುತ್ತಿದ್ದರೆ ಅಪಾಯ ಶುರುವಾಗಿದೆ. ಎದ್ದು ನಿಂತಾಗ ತೂರಾಡುವುದು, ವಾಂತಿ, ಕಣ್ಣು ತೆರೆದಿದ್ದರೂ ಕರೆದರೆ ನೋಡದಿರುವುದು, ಕುಸಿದು ಬೀಳುವುದು, ಸೆಳೆತ ಬರುವುದು ಕಂಡರೆ ಉಳಿದಿರುವುದು ನಿಮಿಷಗಳು ಮಾತ್ರ.

ಒಂದು ಎಚ್ಚರಿಕೆ. ತೇಕಿ ತೇಕಿ ಸುಮ್ಮನಾದ ನಾಯಿಯನ್ನು ಮಲಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಗಾಜನ್ನು ಮೆಲ್ಲಗೆ ತಟ್ಟಿ. ನಿದ್ದೆಯಲ್ಲಿರುವ ನಾಯಿ ತಲೆ ಎತ್ತುತ್ತದೆ. ಎತ್ತದಿದ್ದರೆ ತಡ ಮಾಡಬೇಡಿ.

"ಅದರ ಮುಖ ನೋಡಿದರೆ ಅಳುವೇ ಬಂತು. ಅಷ್ಟು ದುಃಖದಲ್ಲಿರುವ ನಾಯಿಯನ್ನು ಬಿಟ್ಟು ಹೋಗಲು ಹೇಗೆ ಮನಸ್ಸು ಬರುತ್ತದೆ?"

ನಾಯಿಯ ಮುಖವನ್ನು ಓದುವುದರಲ್ಲಿ ನಾವು ತಿಳಿದಷ್ಟು ಜಾಣರಲ್ಲ. ನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಜನ "ತಪ್ಪು ಮಾಡಿದ ಮುಖ" ಎಂದು ಕರೆಯುವ ಭಾವ, ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಸಾಕಿದವರು ಗದರಿದಾಗ ಅದು ಹೆಚ್ಚಾಗಿ ಕಾಣಿಸಿಕೊಂಡಿತು. ದಿನವೂ ಜೊತೆಗಿರುವವರೇ ಹೀಗೆ ತಪ್ಪು ಓದುವಾಗ, ಗಾಜಿನ ಆಚೆಯಿಂದ ಒಂದು ಗಳಿಗೆ ನೋಡಿದವರ ಓದು ಎಷ್ಟು ಸರಿಯಿದ್ದೀತು?

ಮಾಲೀಕರು ಹೋದ ಬಾಗಿಲನ್ನೇ ನೋಡುತ್ತಿರುವ ನಾಯಿ ಕಾಯುತ್ತಿದೆ. ಕಾಯುವುದು ಬೇಸರವಿರಬಹುದು, ಹಿಂಸೆಯಲ್ಲ. ಬೊಗಳುವಿಕೆಯೂ ಹಾಗೆಯೇ. ಅನೇಕ ನಾಯಿಗಳಿಗೆ ಕಾರು ತಮ್ಮ ಕಾವಲಿನ ಜಾಗ, ಇಣುಕಿ ನೋಡುವವರು ಇದ್ದಷ್ಟು ಹೊತ್ತೂ ಬೊಗಳುತ್ತವೆ. ಹತ್ತು ಹೆಜ್ಜೆ ಹಿಂದೆ ಸರಿದು ಅದರ ಕಣ್ಣಿಗೆ ಬೀಳದಂತೆ ನಿಲ್ಲಿ. ಸುಮ್ಮನಾದರೆ ಅದರ ಸಿಟ್ಟಿಗೆ ಕಾರಣ ನೀವೇ ಆಗಿದ್ದಿರಿ. ನೀವು ಸರಿದ ಮೇಲೂ ಊಳಿಡುತ್ತಾ, ಬಾಗಿಲು ಕೆರೆಯುತ್ತಾ, ಸೀಟು ಕಚ್ಚುತ್ತಾ ಇದ್ದರೆ ಅದಕ್ಕೆ ಒಂಟಿಯಾಗಿರಲು ಆಗುತ್ತಿಲ್ಲ. ಆ ವಿಷಯವನ್ನು ಸಾಕಿದವರಿಗೆ ತಿಳಿಸುವುದು ಉಪಕಾರ.

"ಎಂಜಿನ್ ಓಡುತ್ತಿದೆ, ಎಸಿ ಹಾಕಿದ್ದಾರೆ ಎಂದು ಹೇಗೆ ನಂಬುವುದು?"

ಕಿವಿಗೊಟ್ಟು ಕೇಳಿ, ಗಾಜನ್ನು ಅಂಗೈಯಿಂದ ಮುಟ್ಟಿ ನೋಡಿ. ವಿದ್ಯುತ್ ಕಾರುಗಳಲ್ಲಿ ಸದ್ದೇ ಇರುವುದಿಲ್ಲ, ಅಲ್ಲಿ ಒಳಗಿನ ಪರದೆಯನ್ನು ನೋಡಬೇಕು. ಟೆಸ್ಲಾ ಕಂಪನಿ 2019ರಲ್ಲಿ ನಾಯಿಗಳಿಗೆಂದೇ ಒಂದು ವ್ಯವಸ್ಥೆ ತಂದಿತು. ಒಳಗಿನ ತಂಪನ್ನು ಕಾಯ್ದಿಡುವುದರ ಜೊತೆಗೆ, ದಾರಿಹೋಕರು ಗಾಬರಿಯಾಗದಿರಲೆಂದು ಈಗಿನ ಉಷ್ಣಾಂಶವನ್ನೂ, ಮಾಲೀಕರು ಬೇಗ ಬರುತ್ತಾರೆ ಎಂಬ ಮಾತನ್ನೂ ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಅಪರಿಚಿತರ ಆತಂಕವನ್ನು ಯಂತ್ರ ಮಾಡುವವರೇ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಹಿಡಿಸಿತು. ಆದರೂ ಎಸಿ ಕೆಡಬಹುದು, ಎಂಜಿನ್ ತಾನಾಗಿ ನಿಲ್ಲಬಹುದು. ಪರದೆ ಏನೇ ಹೇಳಲಿ, ನಾಯಿಯ ಮೈ ಹೇಳುವುದೇ ಕೊನೆಯ ಮಾತು.

"ಕಾರಿನ ಪಕ್ಕದಲ್ಲೇ ನಿಂತಿದ್ದೇನೆ, ಮಾಲೀಕರು ಕಾಣುತ್ತಿಲ್ಲ. ಈಗ ಏನು ಮಾಡಲಿ?"

ನಾಯಿ ನೆಮ್ಮದಿಯಾಗಿದ್ದು ಹವೆ ತಂಪಾಗಿದ್ದರೆ ಮುಂದೆ ಹೋಗಿ. ಅನುಮಾನವಿದ್ದರೆ ಅಲ್ಲೇ ನಿಲ್ಲಿ. ಗಡಿಯಾರ ನೋಡಿ ಸಮಯ ಗುರುತಿಟ್ಟುಕೊಳ್ಳಿ, ಕಾರಿನ ಸಂಖ್ಯೆ, ಬಣ್ಣ, ಮಾದರಿ ಬರೆದುಕೊಳ್ಳಿ. ಹತ್ತಿರದ ಅಂಗಡಿ, ಆಸ್ಪತ್ರೆ, ಕಚೇರಿ ಯಾವುದಿದೆಯೋ ಅಲ್ಲಿ ಹೇಳಿಸಿ ಮಾಲೀಕರನ್ನು ಕರೆಸಿ. ಈ ಕೆಲಸಕ್ಕೆ ಇನ್ನೊಬ್ಬರನ್ನು ಕಳಿಸುವುದು ಮೇಲು, ಏಕೆಂದರೆ ಒಬ್ಬರು ನಾಯಿಯ ಮೇಲೆ ಕಣ್ಣಿಟ್ಟಿರಬೇಕು. ಗಾಜಿನ ಮೇಲೆ ಬಿಸಿಲು ಬೀಳುತ್ತಿದ್ದರೆ ಬಟ್ಟೆಯನ್ನೋ ರಟ್ಟನ್ನೋ ಅಡ್ಡ ಹಿಡಿಯಿರಿ. ಅಪಾಯದ ಲಕ್ಷಣ ಕಂಡ ಕೂಡಲೇ ಪೊಲೀಸರಿಗೆ ಕರೆ ಮಾಡಿ, ಮಾಲೀಕರು ಬರಲಿ ಎಂದು ಕಾಯಬೇಡಿ. ಗಾಜು ಬಡಿಯುತ್ತಾ ಕಾರನ್ನು ಸುತ್ತುವರಿದು ಕೂಗುವ ಗುಂಪು ಮಾತ್ರ ಬೇಡ. ಬೆದರಿದ ನಾಯಿಯ ಮೈ ಇನ್ನಷ್ಟು ಬಿಸಿಯಾಗುತ್ತದೆ.

## ಸಾಕಿದವರು ಕೇಳುವುದು

"ಅಪರಿಚಿತರೊಬ್ಬರು ಎಲ್ಲರೆದುರು 'ನಿಮಗೆ ನಾಯಿ ಸಾಕುವ ಯೋಗ್ಯತೆ ಇಲ್ಲ' ಎಂದರು. ಏನು ಉತ್ತರ ಕೊಡಬೇಕಿತ್ತು?"

ಮಾತು ನೋಯಿಸುತ್ತದೆ, ನಿಜ. ಆದರೂ ಮೊದಲ ವಾಕ್ಯ "ನಿಂತು ನೋಡಿದ್ದಕ್ಕೆ ಧನ್ಯವಾದ" ಎಂದಿರಲಿ. ಸೌಜನ್ಯಕ್ಕಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಮುಂದೊಂದು ದಿನ ನೀವು ಲಿಫ್ಟಿನಲ್ಲಿ ಸಿಕ್ಕಿಕೊಂಡಿರಬಹುದು, ತಲೆಸುತ್ತಿ ಬಿದ್ದಿರಬಹುದು; ಆಗ ನಿಮ್ಮ ನಾಯಿಗೆ ದಿಕ್ಕಾಗುವವರು ಇಂಥ ಮೂಗು ತೂರಿಸುವ ಜನರೇ. ಅವರ ಬಾಯಿ ಮುಚ್ಚಿಸಿ ಕಳಿಸಿದರೆ, ಮುಂದಿನ ಸಲ ನಿಜವಾಗಿ ಸಾಯುತ್ತಿರುವ ನಾಯಿಯ ಎದುರೂ ಅವರು ಮುಖ ತಿರುಗಿಸಿ ಹೋದಾರು.

ಆಮೇಲೆ ವಿಷಯಕ್ಕೆ ಬನ್ನಿ. ಎಷ್ಟು ಹೊತ್ತಾಯಿತು, ಒಳಗೆ ಎಷ್ಟು ಬಿಸಿಯಿದೆ, ನೀವು ಎಲ್ಲಿಂದ ಕಾರನ್ನು ನೋಡುತ್ತಿದ್ದಿರಿ ಎಂಬುದನ್ನು ಹೇಳಿ. ಬಾಗಿಲು ತೆರೆದು ನಾಯಿಯನ್ನು ತೋರಿಸಿ. ಬಾಲ ಆಡಿಸುತ್ತಾ ಇಳಿದ ನಾಯಿಯ ಮುಂದೆ ಹೆಚ್ಚಿನ ಜನರ ಕೋಪ ಇಳಿಯುತ್ತದೆ. ಅವರು ಹೇಳಿದ್ದು ನಿಜವೇ ಆಗಿದ್ದರೆ, ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ, ವಾದ ಬಿಟ್ಟು ನಾಯಿಯನ್ನು ನೋಡಿಕೊಳ್ಳಿ. ಹೇಳಿದ ಧಾಟಿ ಒರಟಾಗಿತ್ತು ಎಂಬ ಕಾರಣಕ್ಕೆ ಹೇಳಿದ ವಿಷಯ ಸುಳ್ಳಾಗುವುದಿಲ್ಲ.

"ಗಾಜಿನ ಮೇಲೆ ಚೀಟಿ ಅಂಟಿಸಿದರೆ ಸಾಕೇ?"

"ಅದು ಆರಾಮವಾಗಿದೆ, ಬೇಗ ಬರುತ್ತೇನೆ" ಎಂಬ ಚೀಟಿಯಿಂದ ಏನೂ ತಿಳಿಯುವುದಿಲ್ಲ, ಅನುಮಾನವೇ ಹೆಚ್ಚುತ್ತದೆ. ಬಿಟ್ಟು ಹೋದ ಸಮಯ, ಮರಳುವ ಸಮಯ, ಕರೆದರೆ ಎತ್ತುವ ಮೊಬೈಲ್ ಸಂಖ್ಯೆ ಇರಲಿ. ಜೊತೆಗೆ ಹೊರಗಿನಿಂದ ಓದಲು ಸಾಧ್ಯವಾಗುವಂತೆ ಒಂದು ಥರ್ಮಾಮೀಟರ್ ತೂಗು ಹಾಕಿ. ಅಪರಿಚಿತರ ಎದುರು ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಬೇರೆ ಇಲ್ಲ. ಅದು ಏರಿದರೆ ನಿಮ್ಮ ವಿರುದ್ಧವೂ ಸಾಕ್ಷಿ ಹೇಳಲಿ.

"ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಒದ್ದಾಡುತ್ತದೆ, ಕಾರಿನಲ್ಲಾದರೆ ಹಾಯಾಗಿ ಮಲಗುತ್ತದೆ. ಆದರೂ ನಾನೇ ಕ್ರೂರಿಯೇ?"

ಅಲ್ಲ. ಕೆಲವು ನಾಯಿಗಳಿಗೆ ಕಾರು ಗೂಡಿದ್ದಂತೆ. ಪರಿಚಿತ ವಾಸನೆ, ಇಕ್ಕಟ್ಟಾದ ಜಾಗ, "ಇಲ್ಲಿ ಬಿಟ್ಟವರು ಖಂಡಿತ ಬರುತ್ತಾರೆ" ಎಂಬ ಅನುಭವ ಅವುಗಳನ್ನು ಶಾಂತವಾಗಿಡುತ್ತವೆ. ಮುದಿ ನಾಯಿಯನ್ನು ಮನೆಯಲ್ಲಿ ನರಳಲು ಬಿಡದೆ ಜೊತೆಗೆ ಕರೆದೊಯ್ಯುವವರ ಪ್ರೀತಿಯನ್ನು ಗಾಜಿನ ಹೊರಗಿನಿಂದ ಅಳೆಯಲಾಗದು. ಆದರೆ ಈ ನೆಮ್ಮದಿ ತಂಪು ಹೊತ್ತಿನ, ಚಿಕ್ಕ ಅವಧಿಯ ಮಾತು. ನಾಯಿಗೆ ಕಾರು ಇಷ್ಟವಿರುವುದರಿಂದ ಬಿಸಿಲಿನ ಲೆಕ್ಕ ಬದಲಾಗುವುದಿಲ್ಲ. ಮನೆಯ ಒಂಟಿತನಕ್ಕೆ ಬೇರೆ ಪರಿಹಾರವಿದೆ: ಕ್ಷಣಗಳಿಂದ ಶುರುಮಾಡಿ ದಿನದಿನಕ್ಕೆ ಅವಧಿ ಹೆಚ್ಚಿಸುವ ಅಭ್ಯಾಸ, ಬೇಕಾದರೆ ಪಶುವೈದ್ಯರ ಔಷಧ.

## ಇನ್ನೂ ಕಠಿಣವಾದವು

"ಒಂದು ನೋಟದಲ್ಲೇ ಸಾಕಿದವರು ಎಂಥವರು ಎಂದು ಗೊತ್ತಾಗುವುದಿಲ್ಲವೇ?"

ಗೊತ್ತಾಯಿತು ಎಂದು ಅನಿಸುತ್ತದೆ. ಬೇರೆಯವರ ನಡವಳಿಕೆ ಕಂಡಾಗ ನಾವು ಅವರ ಸಂದರ್ಭವನ್ನು ಕಡೆಗಣಿಸಿ ಸ್ವಭಾವವನ್ನೇ ಕಾರಣ ಮಾಡುತ್ತೇವೆ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಈ ಒಲವಿಗೆ ಹೆಸರು ಕೊಟ್ಟು ವಿವರಿಸಿದರು. ನಾನು ನಾಯಿಯನ್ನು ಬಿಟ್ಟು ಹೋದರೆ ಔಷಧ ತುರ್ತಾಗಿ ಬೇಕಿತ್ತು. ನೀವು ಬಿಟ್ಟು ಹೋದರೆ ನಿಮಗೆ ಕರುಣೆಯಿಲ್ಲ. ಕಾರಿನ ವಿಷಯದಲ್ಲಿ ಈ ಒಲವು ಇನ್ನೂ ಬಲವಾಗಲು ಕಾರಣ, ಸಂದರ್ಭ ಹೇಳಬೇಕಾದವರು ಅಲ್ಲಿಲ್ಲದಿರುವುದು.

ಇಷ್ಟಾದರೂ "ಯಾರನ್ನೂ ಏನೂ ಅನ್ನಬಾರದು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಾಖಾಘಾತಕ್ಕೆ ಸಾಕಿದವರ ಉದ್ದೇಶದ ಪರಿವೆಯಿಲ್ಲ; ಒಳ್ಳೆಯವರ ನಾಯಿಯೂ ಅಷ್ಟೇ ವೇಗವಾಗಿ ಸಾಯುತ್ತದೆ. ಆದ್ದರಿಂದಲೇ ನಾಯಿಯ ಪರವಾಗಿ ಮಧ್ಯೆ ಬರಲು ಮಾಲೀಕರು ಕೆಟ್ಟವರೆಂದು ಸಾಬೀತಾಗಬೇಕಿಲ್ಲ. "ನಿಮ್ಮ ನಾಯಿ ಜೋರಾಗಿ ತೇಕುತ್ತಿದೆ" ಎಂಬ ವಾಕ್ಯ ಕಂಡದ್ದನ್ನು ಹೇಳುತ್ತದೆ, ಕೇಳಿದವರು ಓಡಿ ಬರುತ್ತಾರೆ. "ಎಂಥ ಜನ ನೀವು" ಎಂದರೆ ಊಹಿಸಿದ್ದನ್ನು ಹೇಳಿದಂತಾಯಿತು, ಕೇಳಿದವರು ಜಗಳಕ್ಕೆ ನಿಲ್ಲುತ್ತಾರೆ. ನಾಯಿಗೆ ಬೇಕಿರುವುದು ಮೊದಲನೆಯದು.

"ಫೋಟೊ ತೆಗೆದು ಎಲ್ಲರಿಗೂ ಹಂಚಿದರೆ ಉಳಿದವರಿಗೂ ಬುದ್ಧಿ ಬರುತ್ತದಲ್ಲ?"

ಫೋಟೊ ತೆಗೆಯಿರಿ, ಪೊಲೀಸರಿಗೆ ಅದು ಬೇಕಾಗಬಹುದು. ಕಾರಿನ ಸಂಖ್ಯೆ ಕಾಣುವಂತೆ ಹಂಚಬೇಡಿ. ಫೋಟೊದಲ್ಲಿ ಹೊರಗಿನ ಹವೆ ಇಲ್ಲ, ಕಳೆದ ನಿಮಿಷಗಳಿಲ್ಲ, ನಾಯಿ ತೇಕುತ್ತಿತ್ತೋ ಆಕಳಿಸುತ್ತಿತ್ತೋ ಎಂಬುದೂ ತಿಳಿಯದು. ಅದು ಸಾವಿರ ಜನರನ್ನು ತಲುಪುವಷ್ಟರಲ್ಲಿ ಕಾರು ಅಲ್ಲಿಂದ ಹೊರಟಿರುತ್ತದೆ. ಅದರಿಂದ ಆ ನಾಯಿಗೆ ಏನೂ ಸಿಗುವುದಿಲ್ಲ.

"ನಾಯಿಗಳಿಗೆ ಬಿಸಿಲಿನ ದೊಡ್ಡ ಅಪಾಯ ಕಾರೇ ತಾನೇ?"

ಬ್ರಿಟನ್ನಿನಲ್ಲಿ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಉತ್ತರ ಬೇರೆಯೇ ಇದೆ. ಶಾಖದಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಸುಮಾರು ಶೇ 74 ವ್ಯಾಯಾಮದಿಂದ, ಅಂದರೆ ನಡೆದು, ಓಡಿ, ಆಡಿ ಬಳಲಿದವು. ಬಿಸಿ ವಾಹನದಲ್ಲಿ ಸಿಕ್ಕಿಕೊಂಡವು ಸುಮಾರು ಶೇ 5. ಕಾರು ಸುರಕ್ಷಿತ ಎಂದು ಇದರಿಂದ ತೀರ್ಮಾನಿಸಬೇಡಿ. ಕಾರಿನ ಬಗ್ಗೆ ಎಚ್ಚರಿಕೆ ಎಲ್ಲರಿಗೂ ತಲುಪಿರುವುದರಿಂದಲೂ ಆ ಸಂಖ್ಯೆ ಚಿಕ್ಕದಿರಬಹುದು. ಆದರೆ ನಿಂತ ಕಾರಿನ ಮಾಲೀಕರನ್ನು ತಡೆದು ಗದರುವವರೇ, ಸುಡುವ ಮಧ್ಯಾಹ್ನ ಪಗ್ ನಾಯಿಯನ್ನು ಓಡಿಸಿಕೊಂಡು ಹೋಗುವವರಿಗೆ ನಗುತ್ತಾ ಕೈಬೀಸುವುದನ್ನು ನೋಡಿದ್ದೇನೆ. ಮುಚ್ಚಿದ ಗಾಜು ಕಣ್ಣಿಗೆ ಹಿಂಸೆಯಂತೆ ಕಾಣುತ್ತದೆ, ಓಟ ಸಂತೋಷದಂತೆ ಕಾಣುತ್ತದೆ. ನಮ್ಮ ಕಾಳಜಿ ಓಡುವ ನಾಯಿಗೂ ಮುಟ್ಟಬೇಕು.

"ಗಾಜು ಒಡೆದರೆ ನನ್ನ ಮೇಲೆಯೇ ಕೇಸು ಬೀಳುತ್ತದೆಯೇ?"

ನೀವು ಯಾವ ದೇಶದಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಅಂಗೀಕಾರವಾದ ಕಾನೂನು ಷರತ್ತಿನ ರಕ್ಷಣೆ ಕೊಡುತ್ತದೆ: ಕಾರು ಬೀಗ ಹಾಕಿರಬೇಕು, ಪ್ರಾಣಿಗೆ ತಕ್ಷಣದ ಅಪಾಯವಿದೆ ಎಂದು ನಂಬಲು ಕಾರಣವಿರಬೇಕು, ಒಡೆಯುವ ಮೊದಲು ಅಧಿಕಾರಿಗಳಿಗೆ ಕರೆ ಮಾಡಿರಬೇಕು, ಬೇಕಾದಷ್ಟೇ ಬಲ ಬಳಸಿರಬೇಕು, ಅವರು ಬರುವವರೆಗೂ ಪ್ರಾಣಿಯ ಜೊತೆಗಿರಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಕಾನೂನಿಲ್ಲ. ವಿಷಯ ಗೊತ್ತಿದ್ದರೆ ಮಾಲೀಕರೇ ಒಪ್ಪುತ್ತಿದ್ದರು ಎಂದು ಪ್ರಾಮಾಣಿಕವಾಗಿ ನಂಬಿದ್ದರೆ ಆಸ್ತಿ ಹಾನಿ ಕುರಿತ 1971ರ ಕಾಯ್ದೆಯಡಿ ಅದು ಸಮರ್ಥನೆಯಾಗುತ್ತದೆ. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅನಗತ್ಯ ನೋವು ಕೊಡುವುದನ್ನು ಅಪರಾಧವೆನ್ನುತ್ತದೆ, ಗಾಜು ಒಡೆಯಲು ದಾರಿಹೋಕರಿಗೆ ಅನುಮತಿ ಕೊಡುವ ಕಲಮು ಅದರಲ್ಲಿಲ್ಲ.

ಎಲ್ಲಿದ್ದರೂ ಅನುಸರಿಸಬೇಕಾದ ಕ್ರಮ ಕ್ಯಾಲಿಫೋರ್ನಿಯಾದ ಷರತ್ತುಗಳಲ್ಲೇ ಇದೆ. ಮೊದಲು ಎಲ್ಲ ಬಾಗಿಲುಗಳನ್ನೂ ಎಳೆದು ನೋಡಿ. ಬೀಗ ಹಾಕದ ಕಾರಿನ ಗಾಜು ಒಡೆದವರಿದ್ದಾರೆ. ಪೊಲೀಸರಿಗೆ ಫೋನಿನಲ್ಲಿ ನಿಮ್ಮ ಉದ್ದೇಶ ತಿಳಿಸಿ, ವಿಡಿಯೊ ಮಾಡಿಸಿ, ಸಾಕ್ಷಿಗಳ ಹೆಸರು ಬರೆದುಕೊಳ್ಳಿ. ಒಡೆಯಲೇಬೇಕಾದರೆ ನಾಯಿಯಿಂದ ದೂರದ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಿರಿ. ಮುಂಭಾಗದ ಗಾಜು ಪದರದ ಗಾಜು, ಅದು ಸುಲಭಕ್ಕೆ ಬಗ್ಗುವುದಿಲ್ಲ.

"ನಾಯಿಯನ್ನು ಹೊರಗೆ ತೆಗೆದೆವು. ಆಸ್ಪತ್ರೆಗೆ ಓಡುವುದೋ, ನೀರು ಹಾಕುವುದೋ?"

ಮೊದಲು ತಣಿಸಿ, ಆಮೇಲೆ ಸಾಗಿಸಿ. ದಾರಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಮೈ ಒಳಗಿನ ಅಂಗಗಳು ಬೇಯುತ್ತಿರುತ್ತವೆ. ನೆರಳಿಗೆ ತನ್ನಿ, ಮೈ ತುಂಬ ನೀರು ಸುರಿಯಿರಿ, ಗಾಳಿ ಬೀಸಿ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆಗುತ್ತದೆ, ಹದ ನೋಡುತ್ತಾ ಕೂರಬೇಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಕುಡಿಯಲು ನೀರಿಡಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಮೂಗು, ಬಾಯಿ ನೀರಿನಿಂದ ಮೇಲಿರಲಿ.

ಉಸಿರು ಹತೋಟಿಗೆ ಬಂದು ಎದ್ದು ನಿಂತರೂ ಪಶುವೈದ್ಯರಲ್ಲಿಗೆ ಹೋಗಲೇಬೇಕು. ಮೂತ್ರಪಿಂಡದ ಹಾನಿ, ರಕ್ತ ಹೆಪ್ಪುಗಟ್ಟುವಿಕೆಯ ಏರುಪೇರು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಮಾಲೀಕರು ಬಂದಿದ್ದರೆ ಅವರನ್ನು ಬೈದು ಅಟ್ಟಬೇಡಿ. ನಾಯಿಯ ವಯಸ್ಸು, ಹಳೆಯ ಕಾಯಿಲೆ, ತೆಗೆದುಕೊಳ್ಳುತ್ತಿರುವ ಔಷಧ, ಕಾರಿನಲ್ಲಿದ್ದ ಸಮಯ ಇಷ್ಟನ್ನೂ ವೈದ್ಯರಿಗೆ ಹೇಳಬಲ್ಲವರು ಅವರೊಬ್ಬರೇ. ಅವರ ಕೈ ನಡುಗುತ್ತಿದ್ದರೆ ಕಾರನ್ನು ನೀವು ಓಡಿಸಿ, ನಾಯಿಯ ಪಕ್ಕ ಅವರು ಕೂರಲಿ, ಕಿಟಕಿಗಳೆಲ್ಲ ತೆರೆದಿರಲಿ.